ಮೇಷ್ಟ್ರೇ, ಅದು ಊಹೆಯಲ್ಲ

ಮೇಷ್ಟ್ರೇ, ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಇಂದಿನ ಇರಾಕಿನಲ್ಲಿದ್ದ ಪ್ರಾಚೀನ ಬ್ಯಾಬಿಲೋನಿನ ಬಗ್ಗೆ ಬಂದ ಲೇಖನ ಓದಿ ನೀವು ಬರೆದ ಕಾಗದ ಕೈಸೇರಿತು. "ನಾಲ್ಕು ಸಾವಿರ ವರ್ಷದ ಹಿಂದಿನವರು ಹೀಗಿದ್ದರು, ಹಾಗಿದ್ದರು ಅಂತ ಅಷ್ಟು ಧೈರ್ಯವಾಗಿ ಹೇಗೆ ಬರೆಯುತ್ತೀರಿ? ಅರ್ಧಕ್ಕರ್ಧ ಊಹೆ ತಾನೇ?" ಎಂದು ಕೇಳಿದ್ದೀರಿ. ಜೊತೆಗೆ ಅಲ್ಲಿನ 'ಕಣ್ಣಿಗೆ ಕಣ್ಣು' ಕಾನೂನಿನ ಬಗ್ಗೆ, ಅವರಿಗೂ ನಮಗೂ ಏನು ನಂಟು ಎಂಬ ಬಗ್ಗೆ, ಬ್ಯಾಬಿಲೋನಿನ ತೂಗು ತೋಟ ನಿಜವಾಗಿ ಇತ್ತೇ ಎಂಬ ಬಗ್ಗೆಯೂ ಕೇಳಿದ್ದೀರಿ. ಎರಡು ಸಾಲಿನಲ್ಲಿ ಮುಗಿಸುವ ಮಾತಲ್ಲ ಇದು.

ಮೊದಲು ಇನ್ನೊಂದು ಕಾಗದದ ವಿಷಯ ಹೇಳುತ್ತೇನೆ. ಬ್ಯಾಬಿಲೋನಿನ ರಾಜ ಹಮ್ಮುರಬಿಯ ಕಾಲದ್ದು, ಅಂದರೆ ಕ್ರಿ.ಪೂ. 18ನೇ ಶತಮಾನದ್ದು. ಇಂದಿನ ದಕ್ಷಿಣ ಇರಾಕಿನ ಲಾರ್ಸಾದಲ್ಲಿ ಶಮಶ್-ಹಾಝಿರ್ ಎಂಬ ಸರ್ಕಾರಿ ಅಧಿಕಾರಿ ಇದ್ದ. ಅವನ ಹೆಂಡತಿ ಝಿನು. ಮನೆಯಿಂದ ದೂರವಿದ್ದ ಮಗ ಇದ್ದಿನ್-ಸಿನ್ ತಾಯಿಗೆ ಬರೆಯುತ್ತಾನೆ: ಇಲ್ಲಿನ ಹುಡುಗರ ಬಟ್ಟೆ ವರ್ಷದಿಂದ ವರ್ಷಕ್ಕೆ ಚೆನ್ನಾಗುತ್ತಿದೆ, ನನ್ನದು ಮಾತ್ರ ಕಳಪೆಯಾಗುತ್ತಿದೆ. ನಮ್ಮ ಮನೆಯಲ್ಲಿ ಉಣ್ಣೆಗೆ ಬರವೇ ಇಲ್ಲ, ಆದರೂ ನನಗೆ ಇಂಥ ಬಟ್ಟೆ. ಅಪ್ಪನ ಕೈಕೆಳಗೆ ಇರುವವನ ಮಗನಿಗೆ ಎರಡು ಜೊತೆ ಹೊಸ ಬಟ್ಟೆ ಬಂದಿದೆ. ಅವನು ಸಾಕುಮಗ. ಆದರೂ ಅವನ ತಾಯಿಗೆ ಅವನ ಮೇಲೆ ಪ್ರೀತಿ ಇದೆ. ನೀನು ನನ್ನನ್ನು ಹೆತ್ತವಳು, ನಿನಗೆ ನನ್ನ ಮೇಲೆ ಪ್ರೀತಿ ಇಲ್ಲ.

ಹಾಸ್ಟೆಲಿನಲ್ಲಿದ್ದ ಎಷ್ಟು ಮಕ್ಕಳ ಬಾಯಲ್ಲಿ ಈ ಮಾತು ಕೇಳಿದ್ದೀರಿ ನೀವು, ಅಲ್ವಾ? ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಇಂಥ ಕಾಗದ ಉಳಿದದ್ದು ಜೇಡಿಮಣ್ಣಿನಿಂದ. ಅಲ್ಲಿ ಕಲ್ಲು ಕಡಿಮೆ, ಹೊಳೆಯ ಮಣ್ಣು ಬೇಕಾದಷ್ಟು. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹಿಡಿಯುವಷ್ಟು ಬಿಲ್ಲೆ ಮಾಡಿ, ಜೊಂಡಿನ ಕಡ್ಡಿಯ ತುದಿಯನ್ನು ಒತ್ತಿ ಒತ್ತಿ ಬರೆಯುತ್ತಿದ್ದರು. ಒಣಗಿದ ಮೇಲೆ ಮೇಲಿನಿಂದ ತೆಳ್ಳಗೆ ಇನ್ನೊಂದು ಪದರ ಮಣ್ಣು ಸುತ್ತುತ್ತಿದ್ದರು. ಅದೇ ಲಕೋಟೆ! ಕಾಗದ ಬಂದವರು ಅದನ್ನು ಒಡೆದು ಓದಬೇಕು. ಮಣ್ಣಿಗೆ ಗೆದ್ದಲು ಹತ್ತುವುದಿಲ್ಲ. ಊರಿಗೆ ಬೆಂಕಿ ಬಿದ್ದರೆ ಬಿಲ್ಲೆ ಇಟ್ಟಿಗೆಯ ಹಾಗೆ ಸುಟ್ಟು ಇನ್ನೂ ಗಟ್ಟಿಯಾಗುತ್ತಿತ್ತು. ನಮ್ಮಲ್ಲಿ ಶಾಸನಗಳು ಉಳಿದವು. ಆದರೆ ಶಾಸನದಲ್ಲಿ ಇರುವುದು ದಾನ ಕೊಟ್ಟವರು, ಯುದ್ಧ ಗೆದ್ದವರು ಹೇಳಬೇಕೆಂದಿದ್ದ ಮಾತು. ಮನೆಯ ಮುನಿಸು, ಸಾಲದ ಚೀಟಿ, ಹೊಲದ ಜಗಳ ಎಲ್ಲ ಓಲೆಗರಿಯ ಜೊತೆ ಮಣ್ಣಾದವು. ಬ್ಯಾಬಿಲೋನಿನಲ್ಲಿ ಅವೂ ಉಳಿದಿವೆ. ನನಗೆ ಅಲ್ಲಿನ ಕೋಟೆ, ಅರಮನೆಗಿಂತ ಇದೇ ಜಾಸ್ತಿ ದೊಡ್ಡದು.

ಮರೆತೇ ಹೋಗಿದ್ದ ಆ ಲಿಪಿಯನ್ನು ಈಗಿನವರು ಓದಿದ್ದು ಸರಿ ಅಂತ ಏನು ಗ್ಯಾರಂಟಿ ಅಂತ ಕೇಳುತ್ತೀರಿ. 1857ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿ ಒಂದು ಪರೀಕ್ಷೆಯನ್ನೇ ಇಟ್ಟಿತು. ಕೆಲವೇ ವರ್ಷಗಳ ಹಿಂದೆ ಸಿಕ್ಕಿದ್ದ, ಬ್ಯಾಬಿಲೋನಿನ ಉತ್ತರಕ್ಕಿದ್ದ ಅಸ್ಸೀರಿಯಾ ರಾಜ್ಯದ ಬರಹವೊಂದನ್ನು ರಾಲಿನ್ಸನ್, ಹಿಂಕ್ಸ್, ಟಾಲ್ಬಟ್, ಒಪ್ಪರ್ಟ್ ಎಂಬ ನಾಲ್ವರು ವಿದ್ವಾಂಸರು ಬೇರೆ ಬೇರೆಯಾಗಿ ಅನುವಾದಿಸಿ, ಲಕೋಟೆಗೆ ಮೊಹರು ಹಾಕಿ ಕೊಟ್ಟರು. ಒಡೆದು ನೋಡಿದರೆ ಮುಖ್ಯ ಸಂಗತಿಗಳೆಲ್ಲ ಹೊಂದಿಕೊಂಡವು. ಅಸ್ಸೀರಿಯಾ, ಬ್ಯಾಬಿಲೋನ್ ಎರಡು ಕಡೆಯದೂ ಅಕ್ಕಾಡಿಯನ್ ಭಾಷೆಯೇ. ನಮ್ಮ ಧಾರವಾಡ, ಮಂಗಳೂರಿನ ಕನ್ನಡದ ಹಾಗೆ ಸ್ವಲ್ಪ ವ್ಯತ್ಯಾಸ, ಅಷ್ಟೆ. ನಕಲು ಹೊಡೆಯಲು ದಾರಿಯೇ ಇಲ್ಲದ ಪರೀಕ್ಷೆ ಮೇಷ್ಟ್ರೇ, ನೀವೂ ಮಾರ್ಕ್ಸ್ ಕೊಡುತ್ತಿದ್ದಿರಿ.

'ಕಣ್ಣಿಗೆ ಕಣ್ಣು' ವಿಷಯದಲ್ಲಿ ನಮ್ಮ ಲೇಖನ ಅರ್ಧ ಮಾತ್ರ ಹೇಳಿತ್ತು. ಹಮ್ಮುರಬಿಯ ಕಾನೂನು ಕೆತ್ತಿದ ಎರಡು ಮೀಟರಿಗೂ ಎತ್ತರದ ಕಪ್ಪು ಕಲ್ಲು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಅದರ ಪ್ರಕಾರ ದೊಡ್ಡ ಮನುಷ್ಯನ ಕಣ್ಣು ತೆಗೆದರೆ ಕಣ್ಣು ಕಳೆದುಕೊಳ್ಳಬೇಕು. ಅವನಿಗಿಂತ ಕೆಳಗಿನವನ ಕಣ್ಣಾದರೆ ಒಂದು ಮಿನಾ, ಅಂದರೆ ಸುಮಾರು ಅರ್ಧ ಕಿಲೋ ಬೆಳ್ಳಿ ದಂಡ. ಗುಲಾಮನ ಕಣ್ಣಾದರೆ ಅವನ ಬೆಲೆಯ ಅರ್ಧ. ಎಲ್ಲರ ಕಣ್ಣಿಗೂ ಒಂದೇ ಬೆಲೆ ಇರಲಿಲ್ಲ. ಇದನ್ನು ಬಿಟ್ಟದ್ದು ನಮ್ಮ ತಪ್ಪು.

ಇನ್ನು ಅವರಿಗೂ ನಮಗೂ ಏನು ನಂಟು ಎಂಬುದು. ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಮೇಷದಿಂದ ಮೀನದವರೆಗೆ 12 ರಾಶಿ ಇದೆಯಲ್ಲ, ಆಕಾಶವನ್ನು ಹಾಗೆ 30 ಡಿಗ್ರಿಯ 12 ಸಮಪಾಲು ಮಾಡಿದವರು ಬ್ಯಾಬಿಲೋನಿನವರು. ಅಲ್ಲಿಂದ ಗ್ರೀಕರಿಗೆ, ಗ್ರೀಕರಿಂದ ನಮಗೆ ಬಂತು. ಅಲ್ಲಿನ ಜೋಯಿಸರು ನೂರಾರು ವರ್ಷ ಆಕಾಶದ ದಿನಚರಿ ಬರೆದಿಟ್ಟರು. ಚಂದ್ರ ಎಲ್ಲಿದ್ದ, ಹೊಳೆ ಎಷ್ಟು ಏರಿತು, ಒಂದು ಶೆಕೆಲ್, ಅಂದರೆ ಸುಮಾರು ಎಂಟು ಗ್ರಾಂ ಬೆಳ್ಳಿಗೆ ಎಷ್ಟು ಬಾರ್ಲಿ, ಎಷ್ಟು ಖರ್ಜೂರ, ಎಷ್ಟು ಎಳ್ಳು ಎಲ್ಲ ಅದರಲ್ಲಿದೆ. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಬ್ಯಾಬಿಲೋನಿನಲ್ಲೇ ತೀರಿಕೊಂಡ. ಆ ದಿನಚರಿಯಲ್ಲಿ ಆ ಹೊತ್ತಿಗೆ ಇರುವುದು ಇಷ್ಟೇ: ರಾಜ ಸತ್ತ, ಮೋಡ ಇತ್ತು.

ಕೊನೆಗೆ ತೂಗು ತೋಟ. ನಿಮ್ಮ ಅನುಮಾನ ಸರಿ. ಗ್ರೀಕರು, ರೋಮನ್ನರು ಅದನ್ನು ವರ್ಣಿಸಿದ್ದಾರೆಯೇ ಹೊರತು, ಅದನ್ನು ಕಟ್ಟಿಸಿದ ಎನ್ನಲಾಗುವ ಬ್ಯಾಬಿಲೋನಿನ ರಾಜ ನೆಬುಕಡ್ನೆಝರ್ ತಾನು ಕಟ್ಟಿಸಿದ್ದರ ಬಗ್ಗೆ ಬರೆಸಿದ ಬರಹಗಳಲ್ಲಿ ಎಲ್ಲೂ ಅದರ ಹೆಸರಿಲ್ಲ. ಲೇಖನದ ಜೊತೆ ನಾವು ಹಾಕಿದ ಬಣ್ಣದ ಚಿತ್ರದ ಕೆಳಗೆ 'ಕಾಲ್ಪನಿಕ' ಎಂದು ಬರೆಯಬೇಕಿತ್ತು. ಮುಂದಿನ ಸಂಚಿಕೆಯಲ್ಲಿ ಅದನ್ನು ತಿದ್ದುತ್ತೇವೆ. ಇದ್ದಿನ್-ಸಿನ್‌ನ ಕಾಗದವನ್ನೂ ಪೂರ್ತಿಯಾಗಿ ಕನ್ನಡದಲ್ಲಿ ಹಾಕುತ್ತೇವೆ.

ನಿಮ್ಮ
ಸಂಪಾದಕ