ತಗೊಂಡ ಹಳೆ ಫೋನ್ ಬ್ಲಾಕ್ ಆಗಿದೆ, ಇಬ್ಬರು ನಮ್ಮದೇ ಅಂತಿದ್ದಾರೆ. ಏನು ಮಾಡಲಿ?

ನಿಮ್ಮ ಪ್ರಶ್ನೆ ಇದು: ಬೆಳಗಾವಿಯಲ್ಲಿ ಪರಿಚಯದವರ ಹತ್ತಿರ ಬಿಲ್ ಇಲ್ಲದೆ ಫೋನ್ ತಗೊಂಡಿರಿ, ಮೂರು ವಾರಕ್ಕೆ ನೆಟ್‌ವರ್ಕ್ ಹೋಯಿತು, ಈಗ ಮಿರಜದವರೊಬ್ಬರು ಅದು ತಮ್ಮದು ಅಂತಿದ್ದಾರೆ, ಮಾರಿದವರು ಒಪ್ಪುತ್ತಿಲ್ಲ.

ಮೊದಲು ಯಾವ ಬ್ಲಾಕ್ ಅಂತ ತಿಳ್ಕೊಳ್ರಿ. ಪರದೆ ಮೇಲೆ ಫೈನಾನ್ಸ್‌ನವರ ಸಂದೇಶ ಬಂದರೆ ಅದು ಕಂತಿನ ಲಾಕ್. ಹಳೆ ಗೂಗಲ್ ಅಥವಾ ಆಪಲ್ ಖಾತೆ ಕೇಳಿದರೆ ಅದು ಖಾತೆಯ ಲಾಕ್. ಫೋನ್ ಚೆನ್ನಾಗಿ ತೆರೆದು, ವೈಫೈ ನಡೆದು, ಟವರ್ ಮಾತ್ರ ಸಿಗದಿದ್ದರೆ ಸಿಇಐಆರ್ (ಕಳೆದ, ಕದ್ದ ಫೋನುಗಳನ್ನು ತಡೆಯುವ ಸರಕಾರಿ ವ್ಯವಸ್ಥೆ) ಬ್ಲಾಕ್ ಇರಬಹುದು. *#06# ಒತ್ತಿ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ಬರ್ಕೊಳ್ರಿ. ಎರಡು ಸಿಮ್ಮಿನ ಫೋನಿಗೆ ಎರಡು ಇರ್ತಾವ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು ಐಎಂಇಐ ಹಾಕಿ, 14422ಕ್ಕೆ ಎಸ್‌ಎಂಎಸ್ ಕಳಿಸ್ರಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲೂ ನೋಡಬಹುದು. 'ಬ್ಲ್ಯಾಕ್‌ಲಿಸ್ಟೆಡ್' ಅಂತ ಬಂದರೆ ಖಾತ್ರಿ. 'ಡುಪ್ಲಿಕೇಟ್' ಅಂತ ಬಂದರೆ ಅದೇ ನಂಬರ್ ಬೇರೆ ಫೋನಿನಲ್ಲೂ ಇದೆ. ಆಗ ಮಿರಜದವರ ಫೋನ್ ನಿಮ್ಮ ಕೈಯಲ್ಲಿರುವುದೇ ಅಲ್ಲದಿರಬಹುದು.

ಟವರ್ ಸಿಗುತ್ತಾ ಅಂತ ಮನೆಯವರ ಸಿಮ್ಮುಗಳನ್ನೆಲ್ಲ ಹಾಕಿ ನೋಡಬ್ಯಾಡ್ರಿ. ಬ್ಲಾಕ್ ಆದ ಫೋನಿಗೆ ಹಾಕಿದ ಸಿಮ್ಮಿನ ವಿವರ ಪೊಲೀಸರಿಗೆ ಹೋಗುತ್ತದೆ.

ಬ್ಲಾಕ್ ತೆಗೆಯುವ ಕೀಲಿ, ಬ್ಲಾಕ್ ಮಾಡಿಸಿದವರ ಹತ್ತಿರವೇ ಇದೆ: ದೂರಿನ ಪ್ರತಿ ಕೊಟ್ಟು ಬ್ಲಾಕ್ ಮಾಡಿದಾಗ ಸಿಕ್ಕ ರಿಕ್ವೆಸ್ಟ್ ಐಡಿ ಮತ್ತು ಓಟಿಪಿ ಬರುವ ಮೊಬೈಲ್ ನಂಬರ್. ಬ್ಲಾಕ್ ದೇಶಕ್ಕೆಲ್ಲ ಅನ್ವಯ, ರಾಜ್ಯದ ಗಡಿ ದಾಟಿದರೂ ಬಿಡಲ್ಲ. ಸಾಫ್ಟ್‌ವೇರ್ ಹಾಕಿ ಐಎಂಇಐ ಬದಲಿಸಿಕೊಡ್ತೀವಿ ಅನ್ನೋರ ಹತ್ತಿರ ಹೋಗಲೇಬ್ಯಾಡ್ರಿ: 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ.

ಇನ್ನು ಒಡೆತನ. ಬಿಲ್ಲಿನಲ್ಲಿ ಹೆಸರಿದ್ದರೆ ಸಾಲದು, ಅದರಲ್ಲಿನ ಐಎಂಇಐ ಫೋನಿನದಕ್ಕೆ ತಾಳೆಯಾಗಬೇಕು. ಡಬ್ಬಿಯ ಮೇಲಿನ ಸ್ಟಿಕ್ಕರ್ ಜೊತೆಗೂ ಹೋಲಿಸ್ರಿ. ಒಂದು ಸಿಕ್ಕು: ಸರ್ವಿಸ್ ಸೆಂಟರಿನಲ್ಲಿ ಮದರ್‌ಬೋರ್ಡ್ ಬದಲಾಗಿದ್ದರೆ ನಂಬರೂ ಬದಲಾಗಿರುತ್ತದೆ, ಅದಕ್ಕೆ ಜಾಬ್ ಶೀಟ್ (ರಿಪೇರಿಯ ದಾಖಲೆ ಚೀಟಿ) ಬೇಕು. ಮಾರಿದವರೇ ಹಣ ತಗೊಂಡ ಮೇಲೆ 'ಕಳೆದಿದೆ' ಅಂತ ಬ್ಲಾಕ್ ಮಾಡಿಸುವುದೂ ಉಂಟು. ಹಾಗಾಗಿ ಮಿರಜದವರಿಂದ ದೂರಿನ ಪ್ರತಿ ಕೇಳಿ ತಾರೀಖು ನೋಡ್ರಿ: ನೀವು ಫೋನ್ ತಗೊಂಡ ದಿನಕ್ಕಿಂತ ಹಿಂದಿನದೋ, ಮುಂದಿನದೋ? ಅಲ್ಲೇ ಅರ್ಧ ಉತ್ತರ ಸಿಗುತ್ತದೆ.

ಫೋನನ್ನು ನೇರ ಮಿರಜದವರ ಕೈಗೂ ಕೊಡಬ್ಯಾಡ್ರಿ, ಮಾರಿದವರಿಗೂ ವಾಪಸ್ ಬ್ಯಾಡ. ಯುಪಿಐ ರಸೀದಿ, ವಾಟ್ಸಾಪ್ ಮಾತುಕತೆ ಪ್ರಿಂಟ್ ತೆಗೆದು, ಹತ್ತಿರದ ಠಾಣೆಗೆ ಲಿಖಿತ ಅರ್ಜಿ ಜೊತೆ ಫೋನ್ ಒಪ್ಪಿಸಿ ಸ್ವೀಕೃತಿ ತಗೊಳ್ರಿ. ಕದ್ದದ್ದು ಅಂತ ತಿಳಿದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂಗೆ ಬರುತ್ತದೆ. ನೀವೇ ಠಾಣೆಗೆ ಹೋಗಿದ್ದಕ್ಕೆ ಆ ಸ್ವೀಕೃತಿಯೇ ಸಾಕ್ಷಿ. ಜಪ್ತಾದ ಫೋನ್ ಯಾರಿಗೆ ಅನ್ನೋದು ಠಾಣೆಯವರಲ್ಲ, ಕೋರ್ಟ್ ಹೇಳಬೇಕು.

ಫೋನ್ ಕದ್ದದ್ದೇ ಆಗಿದ್ದರೆ ನಿಮಗೆ ಉಳಿಯಲ್ಲ, ದುಡ್ಡು ಕೊಟ್ಟಿದ್ದರೂ. ಹಣ ಮಾತ್ರ ಮಾರಿದವರಿಂದ ಕೇಳಬಹುದು: 1930ರ ಸರಕು ಮಾರಾಟ ಕಾಯ್ದೆಯ 14ನೇ ಕಲಂ ಪ್ರಕಾರ ಮಾರುವ ಹಕ್ಕು ಅವರಿಗಿರಬೇಕಿತ್ತು. ವಕೀಲರಿಂದ ನೋಟಿಸ್ ಕೊಡಿಸ್ರಿ. ಕೊಟ್ಟದ್ದು ನಗದಾಗಿ, ಬರಹವೂ ಇಲ್ಲದಿದ್ದರೆ ಸಾಬೀತು ಮಾಡೋದು ಕಷ್ಟ.