ಮೂರು ಅವಿಭಾಜ್ಯ ಸಂಖ್ಯೆಗಳ ಮೊತ್ತ 50 ಆದರೆ, ಅವುಗಳ ಗುಣಲಬ್ಧ ಹೆಚ್ಚೆಂದರೆ ಎಷ್ಟು?

ಸುಮ್ನೆ ಒಂದೊಂದೇ ಸಂಖ್ಯೆ ಹಾಕಿ ನೋಡುತ್ತಾ ಕೂರಬೇಡಿ, ಮೊದಲು ಸಮ-ಬೆಸ ನೋಡಿ. ಅವಿಭಾಜ್ಯಗಳಲ್ಲಿ ಸಮ ಸಂಖ್ಯೆ 2 ಒಂದೇ. ಮೂರು ಬೆಸ ಸಂಖ್ಯೆ ಕೂಡಿದರೆ ಬೆಸವೇ ಬರುತ್ತದೆ, ಆದರೆ 50 ಸಮ, ಹಾಗಾಗಿ ಮೂರರಲ್ಲಿ ಒಂದು 2 ಇರಲೇಬೇಕು, ಅಲ್ವಾ? ಅರ್ಧ ಕೆಲಸ ಇಲ್ಲಿಗೇ ಮುಗಿಯಿತು.

ಉಳಿದ ಎರಡರ ಮೊತ್ತ 48. ಮೊತ್ತ ಅಷ್ಟೇ ಇರುವಾಗ ಎರಡು ಸಂಖ್ಯೆ ಹತ್ತಿರವಾದಷ್ಟೂ ಗುಣಲಬ್ಧ ಜಾಸ್ತಿ, ಅದಕ್ಕೇ 24ರ ಅಕ್ಕಪಕ್ಕದಿಂದ ಶುರು ಮಾಡಿ: 23 ಮತ್ತು 25 ಆಗುವುದಿಲ್ಲ (25 = 5 × 5), 21 ಮತ್ತು 27 ಎರಡೂ ಕೆಲಸಕ್ಕೆ ಬಾರವು, 19 ಮತ್ತು 29 ಸರಿ. ಉತ್ತರ 2 × 19 × 29 = 1102.

ಮೊತ್ತ 51 ಎಂದು ಕೊಟ್ಟಿದ್ದರೆ ಮಾತ್ರ ಇಷ್ಟು ಸಲೀಸಲ್ಲ: ಮೂರೂ ಬೆಸ ಆಗಿರಬಹುದು, ಇಲ್ಲವೇ 2, 2, 47.