ನೀವು ಕೇಳಿದ್ರಿ: ಕೊರಿಯಾ ದನಿ, ಜಪಾನಿ ಹಾಡು

ನಾ ಮೆಚ್ಚಿದ ಕೊರಿಯನ್ ಗಾಯಕಿ ಹೊಸ ಡ್ಯಾನ್ಸ್ ಸಿಂಗಲ್ ಜಪಾನಿ ಭಾಷೆಯೊಳಗ ಬಿಟ್ಟಾಳ. ಯಾಕ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಅಮೆರಿಕ ಬಿಟ್ಟರೆ ಸಂಗೀತಕ್ಕೆ ಅತಿ ದೊಡ್ಡ ಮಾರುಕಟ್ಟೆ ಜಪಾನ್. ಅಲ್ಲಿನ ಜನ ಈಗಲೂ ದುಡ್ಡು ಕೊಟ್ಟು ಸಿಡಿ ಕೊಳ್ಳುತ್ತಾರೆ. ಈ ದಾರಿಯನ್ನು ಅಗಲ ಮಾಡಿದವರು ಕೊರಿಯನ್ ಗಾಯಕಿ ಬೋಆ. 2000ರಲ್ಲಿ, 13ನೇ ವಯಸ್ಸಿಗೆ, ಕೊರಿಯಾದಲ್ಲಿ ಹಾಡಲು ಶುರುಮಾಡಿದರು. 2001ರಲ್ಲಿ ಜಪಾನಿಗೆ ಕಾಲಿಟ್ಟರು. 2002ರಲ್ಲಿ ಅವರ ಜಪಾನಿ ಆಲ್ಬಂ ಅಲ್ಲಿನ ಮಾರಾಟದ ಪಟ್ಟಿಯಾದ ಒರಿಕಾನ್‌ನ ಮೊದಲ ಸ್ಥಾನಕ್ಕೇರಿತು. ಆಗಿನ್ನೂ ಜಪಾನಿ ಹಾಡಿನ ಸಿಡಿಗಳನ್ನು ಕೊರಿಯಾದಲ್ಲಿ ಮಾರುವಂತಿರಲಿಲ್ಲ. ಆ ನಿರ್ಬಂಧ ತೆಗೆದದ್ದು 2004ರ ಜನವರಿಯಲ್ಲಿ.

ಕೊರಿಯನ್ ಹಾಡನ್ನೇ ಜಪಾನಿಗೆ ಅನುವಾದ ಮಾಡಿರುತ್ತಾರೆಯೇ?
– ಓದುಗರು, ಗದಗ

ಬರೀ ಅನುವಾದವಾದರೆ ರಾಗದೊಳಗೆ ಕೂಡುವುದಿಲ್ಲ. ಕೊರಿಯನ್ನಿನ ‘ಸರಂಗ್‌ಹೆ’ಗೆ ಮೂರು ಸ್ವರ ಸಾಕು. ಅದೇ ಅರ್ಥದ ಜಪಾನಿ ‘ಐಶಿತೆರು’ಗೆ ಐದು ಬೇಕು. ಹಾಗಾಗಿ ಸಾಹಿತ್ಯ ಬರೆಯುವವರು ‘ಸುಕಿದ’ ಎಂಬ ಮೂರಕ್ಷರದ ಮಾತು ಹಾಕಿಬಿಡಬಹುದು. ಅರ್ಥ ಸ್ವಲ್ಪ ಮೆತ್ತಗಾಗುತ್ತದೆ, ರಾಗ ಉಳಿಯುತ್ತದೆ. ಕುಮಾರವ್ಯಾಸನ ಊರಿನ ನಿಮಗೆ ಈ ಲೆಕ್ಕ ಹೊಸದಲ್ಲ. ಭಾಮಿನಿಯ ಮೊದಲ ಸಾಲಿನ 14 ಮಾತ್ರೆ ಎಣಿಸಿದ ಹಾಗೆಯೇ ಜಪಾನಿ ಸಾಲನ್ನೂ ಎಣಿಸಿ ನೋಡಿ: ‘ನಿಪ್ಪೊನ್’ ಗುರು, ಗುರು, ನಾಲ್ಕು ಮಾತ್ರೆ. ಜಪಾನಿನವರೂ ಅದನ್ನು ನಾಲ್ಕೆಂದೇ ಎಣಿಸುತ್ತಾರೆ.

ಕಾಲೇಜ್ ಗ್ಯಾದರಿಂಗ್‌ನ್ಯಾಗ ಅಂಥಾ ಹಾಡು ಹಾಡಬೇಕಂತೀನಿ. ಇಂಗ್ಲಿಷ್ ಅಕ್ಷರದಾಗ ಬರಕೊಂಡೀನಿ, ಖರೆ ತಾಳ ತಪ್ಪತೈತಿ.
– ವಿದ್ಯಾರ್ಥಿನಿ, ಧಾರವಾಡ

ತಪ್ಪು ಆ ಹಾಳೆಯಲ್ಲೇ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ದೀರ್ಘವನ್ನು ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ಮೂಲ ಹಾಡು ಕೇಳುತ್ತ ಕನ್ನಡದಲ್ಲಿ ಬರೆದುಕೊಳ್ಳಿ. ಹ್ರಸ್ವ, ದೀರ್ಘ, ಒತ್ತು ಮೂರೂ ನಮ್ಮ ಲಿಪಿಯಲ್ಲಿವೆ, ಜಪಾನಿಗೆ ಬೇಕಾದದ್ದೂ ಅವೇ. ‘ಒಜಿಸನ್’ ಅಂದರೆ ಕಾಕಾ, ‘ಒಜೀಸನ್’ ಅಂದರೆ ಅಜ್ಜ. ‘ಕಿತೆ’ ಅಂದರೆ ಬಾ, ‘ಕಿತ್ತೆ’ ಅಂದರೆ ಅಂಚೆಚೀಟಿ! ಒತ್ತಿನ ಜಾಗದಲ್ಲಿ ಒಂದು ಮಾತ್ರೆಯಷ್ಟು ಉಸಿರು ತಡೆಯಿರಿ, ಅವಸರ ಬೇಡ. ‘ನ್’ಗೂ ಒಂದು ಪೂರ್ತಿ ಮಾತ್ರೆ ಕೊಡಿ: ‘ದನ್ಸು’ (ಡ್ಯಾನ್ಸ್‌ಗೆ ಅವರು ಹೀಗನ್ನುತ್ತಾರೆ) ಎಂದರೆ ದ-ನ್-ಸು, ಮೂರು. ನಮ್ಮವರು ಎಡವುವುದು ‘ತ್ಸು’ನಲ್ಲಿ. ಅದನ್ನು ‘ಸು’ ಎನ್ನಬಾರದು, ‘ಚು’ವೂ ಅಲ್ಲ, ‘ತ್’ ಹಚ್ಚಿ ಕೂಡಲೇ ‘ಸು’ ಬಿಡಿ. ಮಹಾಪ್ರಾಣ ಎಲ್ಲೂ ಬೇಡ.

ದಿನಕ್ಕೆ ನಾಲ್ಕು ಸಾಲು ಸಾಕು. ಮೊದಲು ರಾಗವಿಲ್ಲದೆ, ಪ್ರತಿ ಮಾತ್ರೆಗೆ ಬೆರಳು ಮಡಚುತ್ತ ಓದಿ, ಆಮೇಲೆ ಹಾಡಿ. ಟ್ರ್ಯಾಕಿಗಾಗಿ ಅಲೆಯುವ ಮೊದಲು ಸಿಂಗಲ್ಲಿನ (ಕೆಲವೇ ಹಾಡುಗಳ ಸಣ್ಣ ಸಿಡಿ) ಕೊನೆಯ ಹಾಡು ನೋಡಿ. ಬರೀ ವಾದ್ಯದ ಆವೃತ್ತಿ ಅಲ್ಲೇ ಇರುವುದು ಹೆಚ್ಚು.

ವಿಡಿಯೋ ನೋಡಿ ಕುಣಿಯುವಾಗ ನಮ್ಮ ಗುಂಪು ಹಿಂದೆ ಬೀಳುತ್ತದೆ.
– ಓದುಗರು, ರಾಣೆಬೆನ್ನೂರು, ಹಾವೇರಿ ಜಿಲ್ಲೆ

ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಎಂಟು ಬೀಟಿನ ಒಂದು ಎಣಿಕೆಗೆ 4 ಸೆಕೆಂಡು. 3 ನಿಮಿಷ 20 ಸೆಕೆಂಡಿನ ಹಾಡಿಗೆ ಇಂಥ 50 ಎಣಿಕೆ. ಪಲ್ಲವಿಯ ಹೆಜ್ಜೆ ಮರಳಿ ಮರಳಿ ಬರುವುದರಿಂದ ಕಲಿಯಬೇಕಾದದ್ದು ಅದಕ್ಕಿಂತ ಬಹಳ ಕಡಿಮೆ. ವೇಗ 0.75ಕ್ಕೆ ಇಳಿಸಿ (90 ಬೀಟ್ ಆಗುತ್ತದೆ) ಮೊದಲು ಬರೀ ಕಾಲು ಕಲಿಯಿರಿ, ನಂತರ ಕೈ. ಎಡ-ಬಲ ತಿರುಗಿಸಿದ ವಿಡಿಯೋ ಸಿಕ್ಕರೆ ಅದನ್ನೇ ಹಿಡಿಯಿರಿ.

ಬ್ಲೂಟೂತ್ ಸ್ಪೀಕರ್ ಹಚ್ಚಿದ್ದರೆ ಅದನ್ನೂ ನೋಡಿ. ದನಿ 0.2 ಸೆಕೆಂಡ್ ತಡವಾದರೂ ಚಿತ್ರದ ಹೆಜ್ಜೆ ಸುಮಾರು ಅರ್ಧ ಬೀಟ್ ಮುಂದಿರುತ್ತದೆ. ಅರ್ಧ ಜನ ಚಿತ್ರ ನೋಡಿ, ಅರ್ಧ ಜನ ದನಿ ಕೇಳಿ ಕುಣಿದರೆ ಸಾಲು ಒಡೆಯುತ್ತದೆ. ವೈರ್ ಹಚ್ಚಿ. ಗಚ್ಚಿನ ನೆಲದ ಮೇಲೆ ಜಿಗಿಯುವುದಿದ್ದರೆ ಬೂಟು ಹಾಕಲೇಬೇಕು, ಮೊಣಕಾಲು ನಿಮ್ಮವು.

ಜಪಾನಿನಿಂದ ಸಿಡಿ ತರಿಸಿದರೆ ಇಲ್ಲಿ ಹಾಡುತ್ತದೆಯೇ?
– ಓದುಗರು, ಹುಬ್ಬಳ್ಳಿ

ಸಿಡಿ ಎಲ್ಲೆಡೆ ಹಾಡುತ್ತದೆ. ಜೊತೆಗೆ ಬರುವ ಡಿವಿಡಿಗೆ ಮಾತ್ರ ತೊಡಕು: ಜಪಾನಿನದು 2ನೇ ರೀಜನ್ (ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕೆಂಬ ಗುರುತು), ನಮ್ಮದು 5. ಬ್ಲೂ-ರೇಯಲ್ಲಿ ಅವರದು ‘ಎ’, ನಮ್ಮದು ‘ಸಿ’. ಎಲ್ಲ ರೀಜನ್ ಓದುವ ಪ್ಲೇಯರ್ ಇಲ್ಲದಿದ್ದರೆ ಬರೀ ಸಿಡಿಯ ಸಾದಾ ಆವೃತ್ತಿ ತರಿಸಿ, ಬೆಲೆಯೂ ಕಡಿಮೆ.